ಕೊಡುವ ಕೈ, ಕೊಳ್ಳುವ ಕೈ

ಪಾಶ್ಚಾತ್ಯ ಶಾಸ್ತ್ರಗಳ ಪರಿಭಾಷೆಯು ಕಿವಿಗೆ ಕರ್ಕಶವಾಗಿ ತೋರುವುದು ಸಹಜ. ಆದರೆ ಅದರ ಹೊರಸಿಪ್ಪೆಯನ್ನು ಸುಲಿದು ನೋಡಿದರೆ, ಸಂಸ್ಕೃತವನ್ನು ಬಲ್ಲವರಿಗೆ ಚಿರಪರಿಚಿತವಾದ ಬೀಜವು ಒಳಗೆ ಕಾಣುವುದುಂಟು. ವಿದ್ಯುಚ್ಛಾಸ್ತ್ರದಲ್ಲಿ ಮೇಲಿಂದಮೇಲೆ ಬರುವ “ಇಂಪೀಡೆನ್ಸ್” ಎಂಬ ಮಾತು ಇದಕ್ಕೆ ಒಳ್ಳೆಯ ನಿದರ್ಶನ. ಲ್ಯಾಟಿನ್ ಭಾಷೆಯ “ಇಂಪೆಡೀರೆ” ಎಂಬ ಕ್ರಿಯಾಪದವು ಇದರ ಮೂಲ. ಅದರ ನಡುವೆ ಅಡಗಿರುವ “ಪೆದ್” ಎಂಬುದು ಸಂಸ್ಕೃತದ “ಪದ್”, “ಪಾದ” ಎಂಬ ಶಬ್ದಗಳಿಗೆ ಒಡಹುಟ್ಟಾದುದು. ಕಾಲಿಗೆ ಕೋಳವನ್ನಿಡುವುದು, ಹೆಜ್ಜೆಗೆ ತೊಡರಾಗುವುದು ಎಂಬುದೇ ಅದರ ಮೊದಲಿನ ಅರ್ಥ. 1886ನೆಯ ಇಸವಿಯಲ್ಲಿ ಆಲಿವರ್ ಹೆವಿಸೈಡ್ ಎಂಬ ಆಂಗ್ಲೇಯನು ಈ ಶಬ್ದವನ್ನು ವಿದ್ಯುಚ್ಛಾಸ್ತ್ರಕ್ಕೆ ತಂದು ನಿಲ್ಲಿಸಿದನು. ಕನ್ನಡದಲ್ಲಿ ಇದನ್ನು ಪ್ರತಿಬಾಧೆ ಎಂದು ಕರೆಯಬಹುದು. ಇದರ ತತ್ತ್ವವು ಸರಳವಾದುದು. ಆದರೆ ಅದು ತಂತಿಗಳಲ್ಲಿ ಮಾತ್ರವೇ ನಿಂತುಹೋಗತಕ್ಕುದಲ್ಲ. ಕೊಡುವವನೂ ಕೊಳ್ಳುವವನೂ ಇರುವ ಎಲ್ಲೆಡೆಯಲ್ಲಿಯೂ ಅದರ ನೆರಳು ಬೀಳುವುದು.

ವಿದ್ಯುತ್ತು ತಂತಿಯಲ್ಲಿ ಒಂದೇ ದಿಕ್ಕಿಗೆ ಒಂದೇ ಸಮನಾಗಿ ಹರಿಯುತ್ತಿದ್ದರೆ ಅದಕ್ಕೆ ಒದಗುವ ತಡೆ ಒಂದೇ. ಅದಕ್ಕೆ ರೋಧವೆಂದು ಹೆಸರು. ಓಮ್ ಎಂಬುದು ಅದರ ಅಳತೆ. ರೋಧದಲ್ಲಿ ವ್ಯಯವಾದ ಶಕ್ತಿಯು ಶಾಖವಾಗಿ ಹೋಗುವುದು. ಅದು ಮರಳಿ ಬರುವುದಿಲ್ಲ. ಆದರೆ ಮನೆಯ ದೀಪಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹೋಗಿಬರುವಂತಹುದು. ಮಾತನ್ನು ಹೊತ್ತೊಯ್ಯುವ ಟೆಲಿಫೋನಿನ ವಿದ್ಯುತ್ತು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹೊಯ್ದಾಡುವುದು. ಹೀಗೆ ಹೊಯ್ದಾಡುವ ಪ್ರವಾಹಕ್ಕೆ ರೋಧವಲ್ಲದೆ ಇನ್ನೆರಡು ಬಗೆಯ ತಡೆಗಳುಂಟು.

ತಂತಿಯನ್ನು ಸುರುಳಿಯಾಗಿ ಸುತ್ತಿದರೆ ಒಂದು ವಿಧವಾದ ಜಡತೆಯು ಅದರಲ್ಲಿ ನೆಲಸುವುದು. ಭಾರವಾದ ಉಯ್ಯಾಲೆಯ ಮಣೆಯನ್ನು ನೂಕಿದವರಿಗೆ ಈ ಜಡತೆಯ ಅನುಭವವಿದೆ. ಮಣೆಯು ಹೊರಡುವುದಕ್ಕೂ ಹಿಂಜರಿಯುವುದು, ಹೊರಟ ಮೇಲೆ ನಿಲ್ಲುವುದಕ್ಕೂ ಹಿಂಜರಿಯುವುದು. ಎರಡು ಲೋಹದ ತಗಡುಗಳನ್ನು ತಾಕದಂತೆ ಎದುರುಬದುರಾಗಿ ಇಟ್ಟರೆ ಮತ್ತೊಂದು ಗುಣವು ಕಾಣಬರುವುದು. ಬಗ್ಗಿಸಿದ ಬಿಲ್ಲಿನಂತೆ ಅವು ವಿದ್ಯುತ್ತನ್ನು ಕೂಡಿಟ್ಟುಕೊಂಡು ಹಿಂದಕ್ಕೆ ಒತ್ತುವುವು. ಈ ಎರಡು ತಡೆಗಳೂ ಶಕ್ತಿಯನ್ನು ನುಂಗುವುದಿಲ್ಲ. ಒಂದು ಗಳಿಗೆ ಕೈಗಡವಾಗಿ ತೆಗೆದುಕೊಂಡು ಮರುಗಳಿಗೆಯಲ್ಲಿ ಹಿಂದಿರುಗಿಸುವುವು. ಆದಕಾರಣ ಇವನ್ನು ಎರವಲಿನ ತಡೆಗಳೆಂದರೆ ತಪ್ಪಾಗಲಾರದು. ಸುರುಳಿಯಲ್ಲಿ ಪ್ರವಾಹವು ಒತ್ತಡಕ್ಕಿಂತ ಹಿಂದೆ ಬೀಳುವುದು. ತಗಡುಗಳಲ್ಲಿ ಮುಂದೆ ನಡೆಯುವುದು. ಒಂದು ಮತ್ತೊಂದಕ್ಕೆ ವಿರುದ್ಧವಾದುದರಿಂದ, ತಕ್ಕ ಪ್ರಮಾಣದಲ್ಲಿ ಕೂಡಿಸಿದರೆ ಅವು ಪರಸ್ಪರ ರದ್ದಾಗುವುದೂ ಉಂಟು. ರೇಡಿಯೋವಿನ ಗುಂಡಿಯನ್ನು ತಿರುಗಿಸಿ ಒಂದು ನಿಲಯವನ್ನು ಹಿಡಿಯುವುದೆಂದರೆ ಈ ರದ್ದತಿಯನ್ನು ಸಾಧಿಸುವುದೇ ಆಗಿದೆ.

ರೋಧವನ್ನೂ ಎರವಲಿನ ತಡೆಯನ್ನೂ ಕೂಡಿಸಿದುದೇ ಪ್ರತಿಬಾಧೆ. ಆದರೆ ಈ ಕೂಡುವಿಕೆಯು ಅಂಗಡಿಯ ಲೆಕ್ಕದಂತಲ್ಲ. ಮೂರು ಓಮ್ ರೋಧಕ್ಕೆ ನಾಲ್ಕು ಓಮ್ ಎರವಲಿನ ತಡೆಯು ಸೇರಿದರೆ ಏಳಾಗುವುದಿಲ್ಲ, ಐದಾಗುವುದು. ಒಂದು ಚತುರಸ್ರದ ಎರಡು ಪಕ್ಕಗಳು ಮೂರು ಮತ್ತು ನಾಲ್ಕು ಆದರೆ ಅದರ ಕರ್ಣವು ಐದು. ಯಜ್ಞವೇದಿಕೆಗಳನ್ನು ಅಳೆಯುವುದಕ್ಕಾಗಿ ಬೌಧಾಯನ ಶುಲ್ಬಸೂತ್ರದಲ್ಲಿ ಹೇಳಿರುವ ಕರ್ಣದ ನಿಯಮವೇ ಇಲ್ಲಿಯೂ ನಡೆಯುವುದು. ಇಟ್ಟಿಗೆಗಳ ಲೆಕ್ಕಕ್ಕೆ ಹುಟ್ಟಿದ ನಿಯಮವು ಕಣ್ಣಿಗೆ ಕಾಣದ ವಿದ್ಯುತ್ತಿನ ನಡಗೆಗೂ ಒಪ್ಪುವುದೆಂಬುದು ಗಣಿತದ ದೊಡ್ಡತನ.

ಇಷ್ಟು ಹೊತ್ತು ಹೇಳಿದುದು ತೆಗೆದುಕೊಳ್ಳುವವನ ತಡೆಯ ವಿಚಾರ. ಆದರೆ ಕೊಡುವವನಲ್ಲಿಯೂ ತಡೆಯುಂಟು. ಇದನ್ನು ಜನರು ಸುಲಭವಾಗಿ ಮರೆಯುವರು. ಬ್ಯಾಟರಿಯೊಂದರ ಬಲವು 12 ವೋಲ್ಟು, ಅದರ ಒಳಗಿನ ರೋಧವು 4 ಓಮ್ ಎಂದಿಟ್ಟುಕೊಳ್ಳಬಹುದು. ಹೊರಗೆ 1 ಓಮಿನ ದೀಪವನ್ನು ಹಚ್ಚಿದರೆ ಪ್ರವಾಹವೇನೋ ಹೆಚ್ಚಾಗಿಯೇ ಹರಿಯುವುದು. ಆದರೆ ದೀಪಕ್ಕೆ ದಕ್ಕುವುದು 5.76 ವಾಟು ಮಾತ್ರ. 2 ಓಮಿನ ದೀಪಕ್ಕೆ 8 ವಾಟು. 4 ಓಮಿನ ದೀಪಕ್ಕೆ 9 ವಾಟು. ಅಲ್ಲಿಂದ ಮುಂದೆ ಇಳಿಮುಖ: 8 ಓಮಿಗೆ ಮತ್ತೆ 8 ವಾಟು, 12 ಓಮಿಗೆ 6.75 ವಾಟು, 20 ಓಮಿಗೆ 5 ವಾಟು. ಎಂದರೆ ಕೊಡುವವನ ರೋಧವೂ ಕೊಳ್ಳುವವನ ರೋಧವೂ ಸಮನಾದಾಗ ಅತ್ಯಧಿಕವಾದ ಶಕ್ತಿಯು ಕೈಯಿಂದ ಕೈಗೆ ಸೇರುವುದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ರಷ್ಯದಲ್ಲಿದ್ದ ಜರ್ಮನ್ ವಿದ್ವಾಂಸ ಮೋರಿಟ್ಸ್ ಯಾಕೋಬಿಯ ಹೆಸರಿನಲ್ಲಿ ಈ ನಿಯಮವು ಪ್ರಸಿದ್ಧವಾಗಿದೆ. ಕೊಳ್ಳುವವನು ತೀರ ಮೆತ್ತಗಿದ್ದರೆ ಕೊಡುವವನು ತನ್ನಲ್ಲಿಯೇ ಕಾದು ಬೇಯುವನು. ತೀರ ಬಿಗಿಯಾಗಿದ್ದರೆ ಕೊಡಬೇಕೆಂದರೂ ಹರಿಯುವುದಿಲ್ಲ.

ಹೊಯ್ದಾಡುವ ಪ್ರವಾಹದಲ್ಲಿ ಈ ನಿಯಮಕ್ಕೆ ಇನ್ನೊಂದು ಸೊಗಸಾದ ಅಂಗವಿದೆ. ಕೊಡುವವನಲ್ಲಿ ಸುರುಳಿಯ ಜಡತೆಯಿದ್ದರೆ, ಕೊಳ್ಳುವವನಲ್ಲಿಯೂ ಅದೇ ಜಡತೆಯಿರಬೇಕೆಂದು ತಿಳಿಯಬಾರದು. ಅಷ್ಟೇ ಪ್ರಮಾಣದ ಬಿಲ್ಲಿನ ಗುಣವಿರಬೇಕು. ಹಿಂದೆ ಬೀಳುವವನಿಗೆ ಮುಂದೆ ನಡೆಯುವವನೇ ತಕ್ಕ ಜೊತೆ. ಹೊಂದಿಕೆಯೆಂದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದಲ್ಲ. ಒಬ್ಬನ ಕೊರತೆಯನ್ನು ಮತ್ತೊಬ್ಬನು ತುಂಬುವುದು. ಬಹುಕಾಲ ಒಟ್ಟಿಗೆ ಬಾಳಿದ ದಂಪತಿಗಳಿಗೆ ಇದನ್ನು ಹೊಸದಾಗಿ ಹೇಳಬೇಕಾದುದಿಲ್ಲ.

ಹಾಗೆಂದು ಯಾಕೋಬಿಯ ನಿಯಮವನ್ನು ಎಲ್ಲಿ ಬೇಕಾದರೂ ಹಿಡಿದು ಸಾಧಿಸಬಹುದೇ? ಸಾಧಿಸಲಾಗದು. ಮೇಲಿನ ಲೆಕ್ಕವನ್ನೇ ಮತ್ತೊಮ್ಮೆ ನೋಡಬೇಕು. ಎರಡು ರೋಧಗಳೂ ಸಮನಾದಾಗ ದೀಪಕ್ಕೆ 9 ವಾಟು ದಕ್ಕಿದರೆ, ಬ್ಯಾಟರಿಯ ಒಳಗೂ 9 ವಾಟು ಸುಟ್ಟುಹೋಗುವುದು. ಅರ್ಧಕ್ಕರ್ಧ ನಷ್ಟ! 20 ಓಮಿನ ದೀಪಕ್ಕೆ ದಕ್ಕುವುದು ಐದೇ ವಾಟಾದರೂ ಒಳಗೆ ಹಾಳಾಗುವುದು ಒಂದೇ ವಾಟು. ಅತ್ಯಧಿಕವಾಗಿ ಕೊಡುವುದು ಬೇರೆ, ಮಿತವ್ಯಯವಾಗಿ ಕೊಡುವುದು ಬೇರೆ. ಈ ಭೇದವನ್ನು ಕಾಣದ ಅನೇಕ ಪಂಡಿತರು, ವಿದ್ಯುದ್ಯಂತ್ರದಿಂದ ಅರ್ಧಕ್ಕಿಂತ ಹೆಚ್ಚಿನ ಫಲವು ಎಂದಿಗೂ ದೊರೆಯದೆಂದು ನಂಬಿದ್ದರು. ಒಳರೋಧವನ್ನು ಬಹಳ ಕಡಮೆಯಾಗಿ ಇಟ್ಟುಕೊಂಡರೆ ಈ ಮಿತಿಯನ್ನು ದಾಟಬಹುದೆಂದು ಅಮೆರಿಕದಲ್ಲಿ ಎಡಿಸನ್ನನೂ ಅವನ ಜೊತೆಗಾರನಾದ ಅಪ್ಟನ್ನನೂ 1879ರ ಸುಮಾರಿಗೆ ಯಂತ್ರವನ್ನು ಕಟ್ಟಿಯೇ ತೋರಿಸಿದರು.

ಕನ್ನಡನಾಡಿನಲ್ಲಿಯೂ ಇದರ ಪ್ರತ್ಯಕ್ಷ ಪ್ರಮಾಣವುಂಟು. ಕಾವೇರಿಯ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ನೆಯ ಇಸವಿಯ ಜೂನ್ 30ರಂದು ವಿದ್ಯುತ್ತು ಹರಿಯಿತು. ದೂರವು ಸುಮಾರು 92 ಮೈಲಿ. ಯಾಕೋಬಿಯ ಸಮತೆಯನ್ನೇ ಹಿಡಿದು ನಡೆದಿದ್ದರೆ, ಅರ್ಧ ನೀರು ಯಂತ್ರಗಳನ್ನೂ ತಂತಿಗಳನ್ನೂ ಕಾಯಿಸುವುದಕ್ಕೆಂದೇ ಧುಮುಕಿದಂತಾಗುತ್ತಿತ್ತು. ಆದುದರಿಂದ ಇಂಜಿನಿಯರುಗಳು ಒತ್ತಡವನ್ನು ಸುಮಾರು 35,000 ವೋಲ್ಟುಗಳಿಗೆ ಏರಿಸಿ ಪ್ರವಾಹವನ್ನು ತೆಳುವಾಗಿಸಿದರು. ದಾರಿಯಲ್ಲಿ ಆಗುವ ನಷ್ಟವು ಪ್ರವಾಹದ ವರ್ಗವನ್ನು ಅನುಸರಿಸಿರುವುದರಿಂದ ಪ್ರವಾಹವು ತೆಳುವಾದಷ್ಟೂ ಲಾಭ. ಗಣಿಯ ಬಳಿಯಲ್ಲಿ ಟ್ರಾನ್ಸ್‌ಫಾರ್ಮರುಗಳು ಆ ಉಗ್ರವಾದ ಒತ್ತಡವನ್ನು ಮೋಟಾರುಗಳು ತಾಳುವಷ್ಟಕ್ಕೆ ಇಳಿಸಿಕೊಟ್ಟುವು. ಯಾವ ಪ್ರಯೋಜನಕ್ಕಾಗಿ ಕೊಡುವುದು ಎಂಬುದನ್ನು ನಿಶ್ಚಯಿಸದೆ ಹೇಗೆ ಕೊಡುವುದೆಂಬುದನ್ನು ನಿಶ್ಚಯಿಸಲಾಗದು.

ಈ ಟ್ರಾನ್ಸ್‌ಫಾರ್ಮರು ಎಂಬುದು ಹೊಂದಿಕೆಯ ಕಲೆಯಲ್ಲಿ ಮುಖ್ಯವಾದ ಸಾಧನ. ಕಬ್ಬಿಣದ ಒಂದು ಚೌಕಟ್ಟಿಗೆ ಎರಡು ಸುರುಳಿಗಳು. ಇವುಗಳಿಗೆ ಪರಸ್ಪರ ಸ್ಪರ್ಶವಿಲ್ಲ. ಒಂದರ ಸುತ್ತುಗಳು ಮತ್ತೊಂದರ 25ರಷ್ಟಿದ್ದರೆ ಪ್ರತಿಬಾಧೆಯು 25ರ ವರ್ಗದಂತೆ, ಎಂದರೆ 625ರಷ್ಟು ಮಾರ್ಪಡುವುದು. ಹಿಂದಿನ ಕಾಲದ ವಾಲ್ವು ರೇಡಿಯೋಗಳಲ್ಲಿ ವಾಲ್ವಿಗೆ ಸಾವಿರಾರು ಓಮುಗಳ ಭಾರವೇ ಬೇಕಾಗಿತ್ತು. ಧ್ವನಿವರ್ಧಕದ ಸುರುಳಿಯೋ ಎಂಟೇ ಓಮಿನ ಬಡಪಾಯಿ. ನೇರವಾಗಿ ಜೋಡಿಸಿದರೆ ಕೇಳಿಬರುವುದು ಕೀರಲು ಧ್ವನಿ. ನಡುವೆ 25ಕ್ಕೆ 1ರ ಟ್ರಾನ್ಸ್‌ಫಾರ್ಮರನ್ನಿಟ್ಟರೆ ವಾಲ್ವಿನ ಕಣ್ಣಿಗೆ ಆ ಎಂಟು ಓಮು 5,000 ಓಮಾಗಿ ಕಾಣುವುದು. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಕೊಡುವವನನ್ನು ತಿದ್ದಿದುದಿಲ್ಲ, ಕೊಳ್ಳುವವನನ್ನೂ ಬದಲಾಯಿಸಿದುದಿಲ್ಲ. ಇಬ್ಬರ ಭಾಷೆಯನ್ನೂ ಬಲ್ಲ ಮಧ್ಯಸ್ಥನೊಬ್ಬನನ್ನು ನಿಲ್ಲಿಸಿದುದಷ್ಟೆ.

ಪ್ರಕೃತಿಯು ಇಂತಹ ಮಧ್ಯಸ್ಥರನ್ನು ಮನುಷ್ಯನ ಕಿವಿಯಲ್ಲಿ ಎಂದೋ ನಿಯಮಿಸಿಟ್ಟಿದೆ. ಕಲ್ಯಾಣಿಯಲ್ಲಿ ಮುಳುಗು ಹಾಕಿದವನಿಗೆ ಮೆಟ್ಟಲ ಮೇಲೆ ನಿಂತು ಕೂಗುವವರ ಮಾತು ಕೇಳದಂತೆಯೇ ಇರುವುದು. ಗಾಳಿಯಲ್ಲಿ ಬಂದ ಶಬ್ದವು ನೀರನ್ನು ತಾಕಿದೊಡನೆ ಸಾವಿರದಲ್ಲಿ 999 ಪಾಲು ಹಿಂದಕ್ಕೆ ಚಿಮ್ಮುವುದೇ ಇದಕ್ಕೆ ಕಾರಣ. ಒಳಗಿವಿಯಲ್ಲಿ ಇರುವುದೂ ದ್ರವವೇ. ಹಾಗಾದರೆ ಮನುಷ್ಯನಿಗೆ ಮಾತು ಕೇಳಿಸುವುದಾದರೂ ಹೇಗೆ? ಕಿವಿದಮರಿಗೂ ಆ ದ್ರವಕ್ಕೂ ನಡುವೆ ಸುತ್ತಿಗೆ, ಅಡಿಗಲ್ಲು, ರಿಕಾಪುಗಳ ಆಕಾರದ ಮೂರು ಸಣ್ಣ ಎಲುಬುಗಳಿವೆ. ಕಿವಿದಮರಿಯ ವಿಸ್ತೀರ್ಣವು ಒಳಗಿನ ಕಿಟಕಿಯ ಸುಮಾರು 17ರಷ್ಟು. ಎಲುಬುಗಳ ಸನ್ನೆಗೋಲಿನಿಂದ ಬರುವ ಲಾಭವು 1.3ರಷ್ಟು. ಎರಡೂ ಕೂಡಿ ಒತ್ತಡವು ಸುಮಾರು 22ರಷ್ಟು ಹೆಚ್ಚುವುದು. ಗಾಳಿಯ ಹಗುರವಾದ ಚಲನೆಯು ನೀರಿನ ಗಂಭೀರವಾದ ಚಲನೆಯಾಗಿ ತರ್ಜುಮೆಗೊಳ್ಳುವುದು. ಗರ್ಭಿಣಿಯರನ್ನು ಸ್ಕ್ಯಾನ್ ಮಾಡುವ ವೈದ್ಯರು ಹೊಟ್ಟೆಯ ಮೇಲೆ ತಣ್ಣನೆಯ ಲೇಪವನ್ನು ಹಚ್ಚುವುದೂ, ಕನ್ನಡಕದ ಗಾಜಿಗೆ ಬೆಳಕು ಹೊಳೆಯದಂತೆ ತೆಳುವಾದ ಪೊರೆಯನ್ನು ಬಳಿಯುವುದೂ ಈ ಮಧ್ಯಸ್ಥಿಕೆಯ ಬೇರೆ ಬೇರೆ ರೂಪಗಳೇ.

ವೀಣೆಯ ತಂತಿಗೂ ಮರಕ್ಕೂ ನಡುವೆ ನಿಂತ ಕುದುರೆಯಲ್ಲಿ ಮಾತ್ರ ವಿಷಯವು ಸ್ವಲ್ಪ ಭಿನ್ನ. ಅಲ್ಲಿ ಹೊಂದಿಕೆಯು ಪೂರ್ತಿಯಾಗಬಾರದು. ತಂತಿಯು ತನ್ನ ಚಲನೆಯನ್ನೆಲ್ಲ ಒಮ್ಮೆಗೇ ಮರಕ್ಕೆ ಒಪ್ಪಿಸಿಬಿಟ್ಟರೆ ಸ್ವರವು ಟಪ್ಪೆಂದು ಹುಟ್ಟಿ ಟಪ್ಪೆಂದು ಸಾಯುವುದು. ಬಹುಪಾಲನ್ನು ತಂತಿಗೇ ಹಿಂದಿರುಗಿಸಿ, ಸ್ವಲ್ಪಸ್ವಲ್ಪವನ್ನೇ ಮರಕ್ಕೆ ಇಳಿಸುವುದರಿಂದ ನಾದವು ನಿಲ್ಲುವುದು, ಗಮಕಕ್ಕೆ ಅವಕಾಶವಾಗುವುದು. ಕೊಡುವುದರಲ್ಲಿ ಇದೂ ಒಂದು ಕ್ರಮ.

ಇನ್ನು ಹಿಂದೆ ಹೇಳಿದ ಹೆವಿಸೈಡನ ಕಥೆಯನ್ನು ಹೇಳತಕ್ಕುದು. ಅದಕ್ಕೆ ಮೊದಲು ಉದ್ದವಾದ ತಂತಿಯ ಸ್ವಭಾವವು ತಿಳಿದಿರಬೇಕು. ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಬಿಗಿದು ಇನ್ನೊಂದು ತುದಿಯನ್ನು ಝಾಡಿಸಿದರೆ ಅಲೆಯೊಂದು ಓಡಿಹೋಗಿ ಕಂಬಕ್ಕೆ ಬಡಿದು ತಲೆಕೆಳಗಾಗಿ ಹಿಂದಿರುಗುವುದು. ಸಣ್ಣ ಹಗ್ಗಕ್ಕೆ ದಪ್ಪ ಹಗ್ಗವನ್ನು ಗಂಟು ಹಾಕಿದ್ದರೆ ಗಂಟಿನಲ್ಲಿ ಅಲೆಯ ಒಂದು ಪಾಲು ಮುಂದಕ್ಕೆ, ಒಂದು ಪಾಲು ಹಿಂದಕ್ಕೆ. ವಿದ್ಯುತ್ತಿನ ಅಲೆಗೂ ಇದೇ ಗತಿ. ಪ್ರತಿಯೊಂದು ಜೋಡಿತಂತಿಗೂ ತನ್ನದೇ ಆದ ಒಂದು ಪ್ರತಿಬಾಧೆಯುಂಟು. ಅದು ತಂತಿಯ ಉದ್ದವನ್ನು ಅವಲಂಬಿಸಿದುದಲ್ಲ. ಟೆಲಿವಿಷನ್ನಿಗೆ ಬರುವ ದುಂಡು ಕೇಬಲ್ಲಿನಲ್ಲಿ ಅದು 75 ಓಮು. ತಂತಿಯ ತುದಿಯಲ್ಲಿ ಅಷ್ಟೇ ಓಮಿನ ರೋಧವನ್ನಿಟ್ಟರೆ ಅಲೆಯು ಪೂರ್ತಿಯಾಗಿ ಅದರಲ್ಲಿ ಲೀನವಾಗುವುದು. ತಂತಿಗೆ ಕೊನೆಯೇ ಇಲ್ಲವೆಂಬಂತೆ ಅಲೆಯು ನಡೆದುಕೊಳ್ಳುವುದು. ಹೆಚ್ಚುಕಡಮೆಯಾದರೆ ಹೆಚ್ಚುಕಡಮೆಯಾದಷ್ಟೂ ಪ್ರತಿಧ್ವನಿ. ಹಿಂದಿರುಗಿದ ಅಲೆಯು ಕೊಳ್ಳುವವನ ದುರ್ಗುಣಕ್ಕೂ ಸಾಕ್ಷಿಯಲ್ಲ, ಕೊಡುವವನ ದೌರ್ಬಲ್ಯಕ್ಕೂ ಸಾಕ್ಷಿಯಲ್ಲ. ಇಬ್ಬರೂ ಸೇರುವ ಗಂಟಿನಲ್ಲಿ ಅಳತೆ ತಪ್ಪಿದೆಯೆಂಬುದಕ್ಕೆ ಮಾತ್ರ ಸಾಕ್ಷಿ.

1858ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಐರ್ಲೆಂಡಿನಿಂದ ಅಮೆರಿಕ ಖಂಡದ ದಡಕ್ಕೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ತಂತಿಯನ್ನು ಹಾಸಿದರು. ವಿಕ್ಟೋರಿಯಾ ರಾಣಿಯು ಅಮೆರಿಕದ ಅಧ್ಯಕ್ಷನಿಗೆ ಕಳುಹಿಸಿದ 98 ಮಾತುಗಳ ಸಂದೇಶವು ಆಚೆಯ ದಡವನ್ನು ಮುಟ್ಟುವುದಕ್ಕೆ ಸುಮಾರು 16 ಗಂಟೆ ಹಿಡಿಯಿತು. ತಂತಿಯೂ ಸುತ್ತಲ ಸಮುದ್ರವೂ ಸೇರಿ ಮೇಲೆ ಹೇಳಿದ ಎದುರುಬದುರು ತಗಡುಗಳಂತಾಗಿ ಪ್ರತಿಯೊಂದು ಸಂಜ್ಞೆಯನ್ನೂ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತಿದ್ದುವು. ಒಂದು ಸಂಜ್ಞೆಯ ಬಾಲವು ಇನ್ನೊಂದರ ತಲೆಯೊಡನೆ ಬೆರೆಯುತ್ತಿತ್ತು. ವಿಲಿಯಮ್ ಥಾಮ್ಸನ್ನನು ಕೊಳ್ಳುವ ತುದಿಯಲ್ಲಿ ಅತಿಸೂಕ್ಷ್ಮವಾದ ಕನ್ನಡಿಯ ಯಂತ್ರವನ್ನಿಟ್ಟು, ಸಣ್ಣ ಒತ್ತಡದಿಂದಲೇ ಕೆಲಸ ನಡೆಸಬೇಕೆಂದನು. ಕಂಪೆನಿಯ ವಿದ್ಯುತ್ತಜ್ಞನಾದ ವೈಟ್‌ಹೌಸನು ಇದಕ್ಕೆ ಒಪ್ಪದೆ, ದೊಡ್ಡ ಸುರುಳಿಗಳಿಂದ ಸುಮಾರು 2,000 ವೋಲ್ಟುಗಳ ಪೆಟ್ಟನ್ನು ಹಾಕಿದನು. ಮೊದಲೇ ಅಲ್ಲಲ್ಲಿ ದೋಷಗಳಿದ್ದ ತಂತಿಯು ಅದನ್ನು ತಾಳಲಿಲ್ಲ. ಕೆಲವೇ ವಾರಗಳಲ್ಲಿ ಅದು ಮೂಕವಾಯಿತು. ಬಾಳುವ ತಂತಿಯು ಆ ಸಾಗರವನ್ನು ದಾಟುವುದಕ್ಕೆ 1866ರವರೆಗೆ ಕಾಯಬೇಕಾಯಿತು.

ಆಲಿವರ್ ಹೆವಿಸೈಡನು ಹುಟ್ಟಿದುದು 1850ರಲ್ಲಿ, ಲಂಡನ್ನಿನ ಬಡಕುಟುಂಬವೊಂದರಲ್ಲಿ. ಬಾಲ್ಯದಲ್ಲಿ ಬಂದ ಜ್ವರವು ಅವನ ಕಿವಿಯನ್ನು ಮಂದಗೊಳಿಸಿತು. ಹದಿನಾರನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು, ಕೆಲವು ವರ್ಷ ತಂತಿ ಕಚೇರಿಯಲ್ಲಿ ದುಡಿದು, 1874ರಲ್ಲಿ ಆ ಕೆಲಸವನ್ನೂ ಬಿಟ್ಟನು. ಅದಾದ ಮೇಲೆ ಅವನು ಎಲ್ಲಿಯೂ ಚಾಕರಿ ಮಾಡಿದವನಲ್ಲ. ತಂದೆತಾಯಿಗಳ ಮನೆಯ ಕೋಣೆಯೊಂದರಲ್ಲಿ ಕುಳಿತು ಮ್ಯಾಕ್ಸ್‌ವೆಲ್ಲನ ಮಹಾಗ್ರಂಥವನ್ನು ಗುರುವಿಲ್ಲದೆ ಅಭ್ಯಾಸ ಮಾಡಿದನು. ಇಂದು ಮ್ಯಾಕ್ಸ್‌ವೆಲ್ಲನ ನಾಲ್ಕು ಸಮೀಕರಣಗಳೆಂದು ಕಾಲೇಜಿನ ವಿದ್ಯಾರ್ಥಿಗಳು ಕಲಿಯುವುದು ಹೆವಿಸೈಡನು 1884–85ರ ಸುಮಾರಿನಲ್ಲಿ ಸಂಗ್ರಹಿಸಿಕೊಟ್ಟ ರೂಪವನ್ನೇ.

ದೂರದ ತಂತಿಯಲ್ಲಿ ಮಾತು ಕದಡದೆ ಹೋಗುವುದು ಹೇಗೆಂಬ ಪ್ರಶ್ನೆಗೆ ಅವನು 1887ರಲ್ಲಿ ಉತ್ತರವನ್ನು ಕಂಡನು. ತಂತಿಯ ರೋಧಕ್ಕೂ ಜಡತೆಗೂ ಇರುವ ಪ್ರಮಾಣವು, ತಂತಿಯ ಸೋರಿಕೆಗೂ ಧಾರಣಗುಣಕ್ಕೂ ಇರುವ ಪ್ರಮಾಣಕ್ಕೆ ಸಮನಾಗಿದ್ದರೆ, ಅಲೆಯು ಕ್ಷೀಣವಾದರೂ ವಿಕಾರವಾಗುವುದಿಲ್ಲ. ರೂಢಿಯ ತಂತಿಗಳಲ್ಲಿ ಜಡತೆಯು ತೀರ ಕಡಮೆ. ಆದಕಾರಣ ಜಡತೆಯನ್ನು ಹೆಚ್ಚಿಸಬೇಕು ಎಂದನು. ಇದು ಆ ಕಾಲದವರಿಗೆ ಹುಚ್ಚುಮಾತಾಗಿ ಕೇಳಿಸಿತು. ಬ್ರಿಟಿಷ್ ಅಂಚೆ ಇಲಾಖೆಯ ವಿದ್ಯುತ್ತಿನ ವಿಷಯದಲ್ಲಿ ಪ್ರಮಾಣಪುರುಷನಾಗಿದ್ದ ವಿಲಿಯಮ್ ಪ್ರೀಸನು ಜಡತೆಯೇ ಟೆಲಿಫೋನಿಗೆ ಶತ್ರುವೆಂದು ಸಾರುತ್ತಿದ್ದನು. ಆಲಿವರನ ಅಣ್ಣ ಆರ್ಥರನು ಅದೇ ಇಲಾಖೆಯಲ್ಲಿ ಇಂಜಿನಿಯರು. ಇಬ್ಬರೂ ಸೇರಿ ಬರೆದ ಲೇಖನದ ಪ್ರಕಟನೆಗೆ ಪ್ರೀಸನು ಅನುಮತಿ ಕೊಡಲಿಲ್ಲ. ಹೆವಿಸೈಡನ ಲೇಖನಮಾಲೆಯನ್ನು ಪ್ರಕಟಿಸುತ್ತಿದ್ದ “ಎಲೆಕ್ಟ್ರಿಷಿಯನ್” ಪತ್ರಿಕೆಯೂ ಅದೇ ವರ್ಷ ಅದನ್ನು ನಿಲ್ಲಿಸಿತು.

ಕೊಳ್ಳುವವರ ತಪ್ಪನ್ನು ಹೇಳಿದ ಮೇಲೆ ಕೊಡುವವನ ಸ್ವಭಾವವನ್ನೂ ಹೇಳುವುದು ನ್ಯಾಯ. ಹೆವಿಸೈಡನ ಬರಹವು ಕಬ್ಬಿಣದ ಕಡಲೆ. ತಾನೇ ಕಟ್ಟಿಕೊಂಡ ಗಣಿತ, ತಾನೇ ಟಂಕಿಸಿದ ಶಬ್ದಗಳು, ನಡುನಡುವೆ ಎದುರಾಳಿಗಳ ಮೇಲೆ ಕೊಂಕುಮಾತು. ಓದುವವನು ಎಲ್ಲಿ ಎಡವುವನೆಂಬ ಚಿಂತೆ ಅವನಿಗೆ ಇರಲಿಲ್ಲ. ಪ್ರತಿಬಾಧೆಗೆ ಹೆಸರಿಟ್ಟವನು, ಅಲೆಯು ಹಿಂದಿರುಗದಂತೆ ತುದಿಯನ್ನು ಹೊಂದಿಸುವ ಲೆಕ್ಕವನ್ನು ಬರೆದುಕೊಟ್ಟವನು, ತನ್ನ ವಾಚಕನಿಗೆ ತನ್ನನ್ನು ಹೊಂದಿಸಿಕೊಳ್ಳಲಿಲ್ಲ. ಅವನು ಕಳುಹಿಸಿದುದು ಬಹುಮಟ್ಟಿಗೆ ಅವನ ಬಾಗಿಲಿಗೇ ಹಿಂದಿರುಗಿತು.

ಆದರೂ ಸತ್ಯವು ಬೇರೆ ಬಾಗಿಲುಗಳಿಂದ ಒಳಹೊಕ್ಕಿತು. 1899–1900ರಲ್ಲಿ ಅಮೆರಿಕದಲ್ಲಿ ಪ್ರಾಧ್ಯಾಪಕ ಮೈಕೇಲ್ ಪ್ಯೂಪಿನ್ನನೂ, ಟೆಲಿಫೋನ್ ಕಂಪೆನಿಯ ಜಾರ್ಜ್ ಕ್ಯಾಂಬೆಲ್ಲನೂ ಪ್ರತ್ಯೇಕವಾಗಿ, ತಂತಿಯ ದಾರಿಯಲ್ಲಿ ಎಷ್ಟೆಷ್ಟು ದೂರಕ್ಕೆ ಒಂದೊಂದು ಸುರುಳಿಯನ್ನಿಡಬೇಕೆಂಬ ಲೆಕ್ಕವನ್ನು ಇಂಜಿನಿಯರನ ಕೈಗೆ ದಕ್ಕುವಂತೆ ಮಾಡಿಕೊಟ್ಟರು. ಇಂತಹ ಸುರುಳಿಗಳೂ, ಜೊತೆಗೆ ವಾಲ್ವುಗಳೂ ಸೇರಿ 1915ರಲ್ಲಿ ನ್ಯೂಯಾರ್ಕಿನ ಮಾತು ಸ್ಯಾನ್ ಫ್ರಾನ್ಸಿಸ್ಕೋವಿಗೆ ಕೇಳಿಸಿತು. ಪ್ಯೂಪಿನ್ನನು ಪೇಟೆಂಟಿನಿಂದ ಲಕ್ಷಗಟ್ಟಲೆ ಡಾಲರುಗಳನ್ನು ಗಳಿಸಿದನು. ಹೆವಿಸೈಡನಿಗೆ 1891ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ, 1896ರಿಂದ ವರ್ಷಕ್ಕೆ 120 ಪೌಂಡುಗಳ ವಿಶ್ರಾಂತಿವೇತನವೂ, 1922ರಲ್ಲಿ ಮೊಟ್ಟಮೊದಲ ಫ್ಯಾರಡೆ ಪದಕವೂ ದೊರೆತುವು. ಆದರೂ ಅವನು ಇಂಗ್ಲೆಂಡಿನ ಕಡಲತೀರದ ಟಾರ್ಕೀ ಊರಿನಲ್ಲಿ ಬಡತನದಲ್ಲಿಯೂ ಏಕಾಂತದಲ್ಲಿಯೂ ಮುಪ್ಪನ್ನು ಕಳೆದು 1925ನೆಯ ಫೆಬ್ರವರಿ 3ರಂದು ತೀರಿಕೊಂಡನು.

ಈ ಕಥೆಯನ್ನು ಪಾಠಶಾಲೆಯ ಕಣ್ಣಿನಿಂದ ನೋಡಿದರೆ ಮತ್ತೊಂದು ಚಿತ್ರವು ತೋರುವುದು. ಪಾಣಿನಿಯು ವ್ಯಾಕರಣವನ್ನೆಲ್ಲ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಅಡಕ ಮಾಡಿದನು. ಆ ಸೂತ್ರಗಳ ಒತ್ತಡವು ಎಳೆಯ ಬಾಲಕನು ತಾಳತಕ್ಕುದಲ್ಲ. ಪತಂಜಲಿಯ ಮಹಾಭಾಷ್ಯವು ಬಂದಿತು, ಕಾಶಿಕಾವೃತ್ತಿಯು ಬಂದಿತು, ಭಟ್ಟೋಜಿ ದೀಕ್ಷಿತನು ಸೂತ್ರಗಳನ್ನು ವಿಷಯಾನುಸಾರವಾಗಿ ಮರುಜೋಡಿಸಿ ಸಿದ್ಧಾಂತಕೌಮುದಿಯನ್ನು ರಚಿಸಿದನು. ಅದೂ ಹಿರಿದಾಯಿತೆಂದು ಅವನ ಶಿಷ್ಯನಾದ ವರದರಾಜನು ಮಕ್ಕಳಿಗಾಗಿ ಲಘುಕೌಮುದಿಯನ್ನು ಬರೆದನು. ಸೂತ್ರದಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ಬಾಲಕನೂ ಬಾಲಕನೇ. ನಡುವೆ ಸುರುಳಿಗಳು ಒಂದೊಂದಾಗಿ ಸೇರುತ್ತ ಬಂದುವು. ಲಘುಕೌಮುದಿಯನ್ನು ಕಂಠಪಾಠ ಮಾಡಿದ ಹುಡುಗನು ವರದರಾಜನನ್ನು ಪಾಣಿನಿಗೆ ಸಮನೆಂದು ಹೇಳಲಾರನು. ಆದರೆ ವರದರಾಜನಿಲ್ಲದಿದ್ದರೆ ಪಾಣಿನಿಯು ತನ್ನ ಮನೆಯ ಅಂಗಳದವರೆಗೆ ಬರುತ್ತಿದ್ದನೇ ಎಂದು ಅವನು ಯೋಚಿಸಬೇಕಾದುದು. ಹೆವಿಸೈಡನು ಸೂತ್ರಕಾರ; ಅವನಿಗೆ ವೃತ್ತಿಕಾರರು ತಡವಾಗಿ ದೊರೆತರು. ಅವರು ದೊರೆತಾಗ ಧನವೂ ಕೀರ್ತಿಯೂ ಬಹುಪಾಲು ವೃತ್ತಿಕಾರರ ಕಡೆಗೇ ಹರಿದುವು.

ಊರೂರಿನ ಶಾಲೆಗಳಲ್ಲಿ ಪಾಠ ಹೇಳುವ ಉಪಾಧ್ಯಾಯನಿಗೆ ಹೊಸ ಸೂತ್ರವನ್ನು ರಚಿಸುವ ಯೋಗವು ಸಾಮಾನ್ಯವಾಗಿ ಇರುವುದಿಲ್ಲ. ಅವನ ಪಾಲಿಗೆ ಬಂದುದು ಕಿವಿಯೊಳಗಿನ ಮೂರು ಎಲುಬುಗಳ ಕೆಲಸ. ಗಾಳಿಯಲ್ಲಿರುವುದನ್ನು ನೀರಿಗೆ ತಲಪಿಸುವುದು. ತಾನು ಎದ್ದು ಕಾಣದಿರುವುದು. ಈ ಕೆಲಸಕ್ಕೆ ಪದಕವಿಲ್ಲ. ಅದು ಸರಿಯಾಗಿ ನಡೆದಾಗ ನಡೆದುದೇ ಯಾರಿಗೂ ತಿಳಿಯದು. ಹುಡುಗನು ತನಗೆ ತಾನೇ ತಿಳಿಯಿತೆಂದುಕೊಂಡು ಎದ್ದುಹೋಗುವನು. ಹಿಂದಿರುಗಿದ ಅಲೆಯಿಲ್ಲ, ತಂತಿಗೆ ಕೊನೆಯೇ ಇಲ್ಲದಂತೆ ವಿದ್ಯೆಯು ಮುಂದಕ್ಕೆ ಸಾಗಿತು. ಅಷ್ಟೇ ಅದರ ಕೂಲಿ.

ಆದರೆ ಪಾಠವು ಹಿಂದಿರುಗುವ ದಿನಗಳೇ ಹೆಚ್ಚು. ಎದುರಿನ ಬೆಂಚಿನಿಂದ ಬೆರಗಿನ ಕಣ್ಣು, ತಪ್ಪು ಉತ್ತರ, ಮೌನ. ಆಗ ಹುಡುಗನು ಮಂದಬುದ್ಧಿಯೆನ್ನುವುದು ಒಂದು ದಾರಿ. ಧ್ವನಿಯನ್ನೇರಿಸಿ, ಬೆತ್ತವನ್ನು ಎತ್ತಿ, ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುವುದು ಇನ್ನೊಂದು ದಾರಿ. ಎರಡೂ ವೈಟ್‌ಹೌಸನ ದಾರಿಗಳೇ. ಶಿವನಸಮುದ್ರದ ತಂತಿಗೆ 35,000 ವೋಲ್ಟು ಒಪ್ಪಿತು. ಏಕೆಂದರೆ ಅದನ್ನು ತಾಳುವುದಕ್ಕೆಂದೇ ಆ ತಂತಿಯನ್ನು ಕಟ್ಟಿದ್ದರು, ತಲಪುವೆಡೆಯಲ್ಲಿ ಇಳಿಸಿಕೊಡುವವರೂ ಇದ್ದರು. ಸಾಗರದ ತಳದಲ್ಲಿ ಮಲಗಿದ್ದ ಆ ಎಳೆಯ ತಂತಿಗೆ ಅದರ ಹದಿನೇಳನೆಯ ಒಂದು ಭಾಗದ ಪೆಟ್ಟೇ ಪ್ರಾಣಾಂತಕವಾಯಿತು. ಮಕ್ಕಳಲ್ಲಿಯೂ ಎಷ್ಟೋ ಮಂದಿ ಹೀಗೆ ಒಂದು ವರ್ಷದ ಒಂದು ತರಗತಿಯಲ್ಲಿ ಮೂಕರಾಗಿ, ಆಮೇಲೆ ಬಾಯಿ ತೆರೆಯದೆ ಉಳಿದುದುಂಟು. ಮಾತು ತಲಪದಿದ್ದಾಗ ಮೊದಲು ಪರೀಕ್ಷಿಸಬೇಕಾದುದು ಗಂಟನ್ನು. ಥಾಮ್ಸನ್ನನಂತೆ, ಆಚೆಯ ತುದಿಯಿಂದ ಬರುವ ಅತಿ ಸಣ್ಣ ಕಂಪನವನ್ನೂ ಓದಬಲ್ಲ ಕನ್ನಡಿಯೊಂದು ಉಪಾಧ್ಯಾಯನ ಕೈಯಲ್ಲಿರಬೇಕು. ಸಣ್ಣ ಒತ್ತಡವು ಸಾಕು. ತಾಳ್ಮೆಯು ಮಾತ್ರ ದೊಡ್ಡದಾಗಿರಬೇಕು.